ಕೆದರಿದ ಮಣ್ಣು

ಬಿತ್ತುವ ಕೂರಿಗೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಎತ್ತುಗಳ ಹಣೆಗೆ ಭಂಡಾರ ಬಳಿದದ್ದಾಯಿತು. ಇನ್ನು ಮನೆಯ ಯಜಮಾನ ಬರಿಗಾಲಲ್ಲಿ ಹೊಲಕ್ಕಿಳಿದು ಮೊದಲ ಸಾಲಿಗೆ ಜೋಳ ಬಿಟ್ಟರೆ ಹಿಂಗಾರಿ ಬಿತ್ತಿಗೆ ಶುರು. ಆದರೆ ಆ ಯಜಮಾನ, ಯಮನೂರಪ್ಪ, ಬದುವಿನ ಬಂಡೆಗಲ್ಲಿನ ಮೇಲೆ ಮಿಲಿಟರಿ ಬೂಟು ಹಾಕಿಕೊಂಡು ನಿಂತವನು ನಿಂತೇ ಇದ್ದ.

"ಬೂಟು ಬಿಚ್ಚು ಮಾವಾ," ಎಂದಳು ಅಯ್ಯಮ್ಮ, ಉಡಿಯಲ್ಲಿ ಬೀಜ ಕಟ್ಟಿಕೊಂಡು. ಅವನ ಅಕ್ಕನ ಮಗಳೇ ಅವಳು. ಹೆಂಡತಿಯಾದ ಮೇಲೂ ಮಾವ ಮಾವನಾಗಿಯೇ ಉಳಿದಿದ್ದ.

"ಬಿಚ್ತೀನಿ, ತಡಿ." ಬಗ್ಗಿ ಬೂಟಿನ ದಾರ ಮುಟ್ಟಿದ. ಮತ್ತೆ ನೆಟ್ಟಗಾದ.

ಕೂರಿಗೆ ಹಿಡಿದಿದ್ದ ಮೂಕಪ್ಪ ತಾತ ಹೆಸರಿಗಷ್ಟೇ ಮೂಕ. "ಏನಲೇ ಯಮನೂರಾ, ಸಮುದ್ರ ದಾಟಿ ಲಂಕಾಕ್ಕ ಹೋಗಿ ಬಂದಾವ, ಸ್ವಂತ ಹೊಲಕ್ಕಿಳಿಯಾಕ ಮುಹೂರ್ತ ನೋಡಾಕತ್ತೀಯೇನು? ಹದ ಆರಿದ್ರ ಜ್ವಾಳ ಹುಟ್ಟಾಂಗಿಲ್ಲ. ಈ ಎತ್ತು ನಾಳಿ ಬ್ಯಾರೆಯವರ ಹೊಲಕ್ಕ ಹೋಗಬೇಕು."

ಲಂಕೆಯಲ್ಲಿ ಅಲ್ಲಿಯವರೇ ತಮ್ಮತಮ್ಮಲ್ಲಿ ಬಡಿದಾಡುತ್ತಿದ್ದರು. ಬಿಡಿಸಲಿಕ್ಕೆಂದು ನಮ್ಮ ದೊಡ್ಡ ದೇಶ ಸಿಪಾಯಿಗಳನ್ನು ಕಳಿಸಿತ್ತು. ದೇವದುರ್ಗದ ಕಡೆಯ ಯಮನೂರಪ್ಪನೂ ಅವರಲ್ಲಿ ಒಬ್ಬ. ಶಾಂತಿ ಕಾಯಲು ಹೋದವರು ಹೋದ ಕೆಲವೇ ತಿಂಗಳಿಗೆ ತಾವೇ ಕಾದಾಡತೊಡಗಿದ್ದು ರೇಡಿಯೋದಲ್ಲಿ ಬಂದಾಗ ಅಯ್ಯಮ್ಮನ ಜೀವ ಬಾಯಿಗೆ ಬಂದಿತ್ತು. ಈಗ, ಎಂಬತ್ತೆಂಟರ ಬಿತ್ತಿಗೆಯ ಹೊತ್ತಿಗೆ, ರಜೆಯಲ್ಲಿ ಬಂದವನ ಕೈಕಾಲು ನೆಟ್ಟಗಿದ್ದವು. ಆದರೆ ಬಂದಾಗಿನಿಂದ ಅವನು ಡಾಂಬರು ರಸ್ತೆ ಬಿಟ್ಟು ಕೆಳಗಿಳಿದಿರಲಿಲ್ಲ. ಮನೆಯಲ್ಲೂ ಅಂಗಳದ ಬಂಡೆಹಾಸಿನ ಮೇಲೆಯೇ ಓಡಾಟ. ಇವತ್ತು ಹೊಲಕ್ಕೂ ಗಾಡಿಯಲ್ಲಿ ಕೂತು ಬಂದು, ಗಾಡಿಯಿಂದ ನೇರ ಆ ಕಲ್ಲಿನ ಮೇಲೆ ಕಾಲಿಟ್ಟಿದ್ದ. ಇದೇ ಎರೆ ಮಣ್ಣಲ್ಲಿ ಹೊರಳಾಡಿ ಅವ್ವನ ಕೈಲಿ ಏಟು ತಿಂದು ಬೆಳೆದವನು ಇವನೇ ಹೌದೋ ಅಲ್ಲವೋ. ಮಾವನ ಮೈಯಷ್ಟೇ ಊರಿಗೆ ಬಂತು, ಮಾವ ಬರಲಿಲ್ಲ ಎಂಬ ಹೆದರಿಕೆ ಅವಳನ್ನು ಬಿಟ್ಟಿರಲಿಲ್ಲ.

"ಏನದ ಅಲ್ಲಿ? ನನಗರ ಹೇಳು," ಎಂದಳು.

ಅವನು ಕುಂಟೆ ಹೊಡೆದ ಹೊಲವನ್ನು ಆ ಬದುವಿನಿಂದ ಈ ಬದುವಿನ ತನಕ ನೋಡಿದ. "ಮಣ್ಣು ಹೊಸದಾಗಿ ಕೆದರೇದ. ಕೆದರಿದ ಮಣ್ಣು ಕಂಡ್ರ ಕಾಲಿಡಬ್ಯಾಡ್ರಿ, ಕೆಳಗ ಬಾಂಬು ಹುಗಿದಿರ್ತಾರ ಅಂತ ಅಲ್ಲಿ ಕಲಿಸಿದ್ರು. ಇದು ನಮ್ಮ ಹೊಲ, ಕುಂಟಿ ಹೊಡದಾವ್ರು ನಾವ, ಎಲ್ಲಾ ನನಗ ಗೊತ್ತದ. ಕಾಲಿಗೆ ಗೊತ್ತಾಗವಲ್ದು."

ಮೂಕಪ್ಪ ತಾತ ಎತ್ತಿನ ಬೆನ್ನು ಸವರಿದ. "ಸಂತ್ಯಾಗ ಯಾರದೋ ಜಗಳ ಬಿಡಸಾಕ ಹೋಗಿ ನಾನೂ ಎರಡು ಹಲ್ಲು ಕಳಕೊಂಡೀನಿ," ಎಂದ. "ನಿನಗ ಕಾಲಿದ್ದೂ ಇಲ್ಲದಂಗ ಮಾಡಿ ಕಳಿಸ್ಯಾರಲ್ಲಪ್ಪಾ." ಆಮೇಲೆ ಅವಸರ ಮಾಡಲಿಲ್ಲ.

ಮೊದಲ ಸಾಲು ಬೀಳುವ ಮುನ್ನ ಹೆಂಗಸು ಗಂಡನ ಮುಂದೆ ನಡೆದು ಹೊಲ ತುಳಿಯುವ ಪದ್ಧತಿ ಆ ಕಡೆ ಇಲ್ಲ. ಅಯ್ಯಮ್ಮ ಚಪ್ಪಲಿ ಬಿಟ್ಟು, ಸೆರಗು ಸಿಗಿಸಿ ಹೊಲಕ್ಕಿಳಿದೇ ಬಿಟ್ಟಳು. "ನಾ ಮುಂದ ನಡೀತೀನಿ ಮಾವಾ. ನನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಟ್ಕೊಂಡು ಬಾ." ತಾತ ಬೇರೆ ಹೊತ್ತಾಗಿದ್ದರೆ ಊರೆಲ್ಲ ಕೇಳುವಂತೆ ಬೈಯುತ್ತಿದ್ದ, ಈಗ ಆಕಾಶ ನೋಡಿದ.

"ಅಯ್ಯಮ್ಮಾ, ನಿಲ್ಲು. ಮುಂದ ಹೋಗಬ್ಯಾಡ."

ಅವಳು ನಿಲ್ಲಲಿಲ್ಲ. ಮೆತ್ತನೆ ಮಣ್ಣಲ್ಲಿ ಅವಳ ಹೆಜ್ಜೆಗಳು ಒಂದರ ಹಿಂದೊಂದು ಮೂಡುತ್ತ ಹೋದವು. ಯಮನೂರಪ್ಪ ಕಲ್ಲಿನಿಂದ ಜಿಗಿದವನೇ ಬೂಟುಗಾಲಲ್ಲೇ ಎದ್ದುಬಿದ್ದು ಓಡಿ, ಹಿಂದಿನಿಂದ ಅವಳ ಎರಡೂ ಭುಜ ಹಿಡಿದ.

ಅವಳು ಆ ಕೈಗಳ ಮೇಲೆ ತನ್ನ ಕೈಯಿಟ್ಟಳು. "ಎಲ್ಲಿ ನಿಂತೀ ನೋಡು ಮಾವಾ."

ಅವನು ಕೆಳಗೆ ನೋಡಿದ. ಬೂಟು ಅರ್ಧ ಮಣ್ಣಲ್ಲಿ ಹೂತಿತ್ತು. ಏನೂ ಆಗಿರಲಿಲ್ಲ. ಅಲ್ಲೇ ಕುಸಿದು ಕೂತ. ಅಯ್ಯಮ್ಮ ಕೂಸಿಗೆ ಬಿಚ್ಚುವಂತೆ ಒಂದೊಂದೇ ಬೂಟು ಎಳೆದು ತೆಗೆದಳು. ತಣ್ಣನೆಯ ಮಣ್ಣು ಅಂಗಾಲಿಗೆ ಹತ್ತಿದಾಗ ಅವನು ಕಣ್ಣು ಮುಚ್ಚಿಕೊಂಡ. ಎಷ್ಟೋ ಹೊತ್ತಿನ ಮೇಲೆ ಎದ್ದು, ಅವಳ ಉಡಿಗೆ ಕೈ ಹಾಕಿ ಹಿಡಿ ಜೋಳ ತೆಗೆದುಕೊಂಡ. ತಾತ ಎತ್ತು ಹೂಡಿದ ಕೂರಿಗೆಯನ್ನು ಬದುವಿನಗುಂಟ ತಂದು ನಿಲ್ಲಿಸಿದ, ಮೊದಲ ಸಾಲು ಹೊರಟಿತು. ಕೂರಿಗೆಯ ಬಟ್ಟಲಿಗೆ ಅವನು ಕಾಳು ಬಿಡುತ್ತಿದ್ದ, ಅವಳು ಮಗ್ಗುಲಲ್ಲೇ ನಡೆಯುತ್ತಿದ್ದಳು. ಅವಳಿಗೆ ಅಳಬೇಕೆನಿಸುವಷ್ಟು ಸಂತೋಷವಾಗಿತ್ತು.

ಅರ್ಧ ಸಾಲಿಗೆ ಬಂದಾಗ ಅವನು ಮಾತಾಡಿದ. "ಅಲ್ಲಿ ಒಬ್ಬಾಕಿ ಮುದುಕಿ ಇದ್ಲು. ನಿನ್ನಂಗ ಸೆರಗಿನಾಗ ಬೀಜ ಕಟ್ಕೊಂಡು ತನ್ನ ಹೊಲಕ್ಕ ಹೊಂಟಿದ್ಲು. ಊರಾಕಿ, ದಾರಿ ಗೊತ್ತಿರ್ತದ ಅಂತ ನಾ ಅಕಿ ಹೆಜ್ಜಿ ಮ್ಯಾಲ ಹೆಜ್ಜಿ ಇಟ್ಕೊಂತ ನಡದೆ." ಬಟ್ಟಲಿಗೆ ಕಾಳು ಬಿಡುತ್ತಿದ್ದ ಕೈ ನಿಂತಿತು. "ಎಲ್ಲಿ ಹುಗಿದಾರ ಅಂತ ಅಕಿಗೂ ಗೊತ್ತಿರಲಿಲ್ಲ."

ಹೋ ಎಂದು ತಡೆಯುವವರಿಲ್ಲದೆ ಎತ್ತುಗಳು ತಾವಾಗಿಯೇ ನಿಂತವು. ಅಯ್ಯಮ್ಮ ಅವನ ಬೆನ್ನ ಮೇಲೆ ಕೈಯಾಡಿಸಿದಳು.

"ನನಗ ರಜಾ ಸಿಕ್ತು, ಬಂದೆ. ನನ್ನ ಮುಂದ ನಡಿಯಾಕ ನೀ ಇದ್ದಿ," ಎಂದ ಯಮನೂರಪ್ಪ, ಮುಷ್ಟಿಯ ಜೋಳ ನೋಡುತ್ತ. "ಅಲ್ಲೂ ಈಗ ಬಿತ್ತಿಗಿ ದಿನ. ಅವರ ಹೊಲದಾಗ ಮೊದಲ ಹೆಜ್ಜಿ ಯಾರು ಇಡ್ತಾರ?"