ಶಿಲಾಶಾಸನಕ್ಕೊಂದು ತಿದ್ದುಪಡಿ

ಆಟ ಮುಗಿಯಲು ಮೂರೇ ನಿಮಿಷ ಇತ್ತು. ಗೋಲಿನೆದುರು ಫಾರ್ವರ್ಡ್ ಆಟಗಾರ ಮುಗ್ಗರಿಸಿ ಬಿದ್ದದ್ದೇ ತಡ, ರೆಫ್ರಿ ಸೀಟಿ ಊದಿ, ಪೆನಾಲ್ಟಿ ಕೊಟ್ಟು, ಪಕ್ಕದಲ್ಲಿದ್ದ ಡಿಫೆಂಡರನ ಮೂಗಿನ ಮುಂದೆ ಕೆಂಪು ಕಾರ್ಡ್ ಹಿಡಿದರು. ತಾನು ಮುಟ್ಟಲೇ ಇಲ್ಲವೆಂದು ಅವನು ಅಂಗಲಾಚಿದ. ಯಾರ ಹತ್ತಿರ ಅಂಗಲಾಚುತ್ತಿದ್ದೇನೆ ಎಂಬುದನ್ನು ಮರೆತಿದ್ದ, ಪಾಪ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ತೀರ್ಪನ್ನೂ ಬದಲಿಸದ ಈ ರೆಫ್ರಿಗೆ ಆಟಗಾರರು ಇಟ್ಟಿದ್ದ ಹೆಸರು ಶಿಲಾಶಾಸನ.

ಆದರೆ ಈ ವರ್ಷ ಹೊಸದೊಂದು ಪೀಡೆ ಗಂಟುಬಿದ್ದಿತ್ತು. ಮೈದಾನದ ಸುತ್ತ ಹನ್ನೆರಡು ಕ್ಯಾಮೆರಾ, ಒಂದು ವಿಡಿಯೊ ಕೋಣೆ, ತಪ್ಪು ಕಂಡರೆ ರೆಫ್ರಿಯ ಕಿವಿಯೂದಲು ಅದರೊಳಗೊಬ್ಬ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಶಿಲಾಶಾಸನ ಸಭೆಯಲ್ಲಿ ಕೂಗಾಡಿದ್ದರು. ಯಾರೂ ಸೊಪ್ಪು ಹಾಕಲಿಲ್ಲ. ಅದೂ ಹೋಗಲಿ ಎಂದರೆ, ಆ ಕೋಣೆಯಲ್ಲಿ ಕೂತವನು ಅವರ ಹೆಂಡತಿಯ ತಮ್ಮನೇ ಆಗಬೇಕೇ?

ಈಗ ಅವನದೇ ದನಿ ಕಿವಿಯಲ್ಲಿ ಕೇಳಿತು. ಒಮ್ಮೆ ಪರದೆ ನೋಡಿ ಅಂದ. ಗೆರೆಯಾಚೆಗಿದ್ದ ಪರದೆಯ ಮುಂದೆ ಅವರು ಗತ್ತಿನಿಂದ ಹೋಗಿ ನಿಂತರು. ಡಿಫೆಂಡರ್ ಒಂದು ಮಾರು ದೂರದಲ್ಲಿದ್ದ. ಬಿದ್ದವನಿಗೆ ಅಡ್ಡ ಬಂದದ್ದು ರೆಫ್ರಿಯ ಕಾಲು. ಅವರದೇ ಕಾಲು. ಗತ್ತೆಲ್ಲ ಇಳಿದುಹೋಯಿತು.

"ಭಾವ," ದನಿ ಪಿಸುಗುಟ್ಟಿತು, "ಇನ್ನೊಂದು ಕ್ಯಾಮೆರಾದಲ್ಲಿ ನಿಮ್ಮ ಕಾಲು ಕಾಣಲ್ಲ. ಅವನೇ ಬೇಕಂತ ಬಿದ್ದ ಅಂದ್ಬಿಡಿ. ಇದನ್ನ ಯಾರಿಗೂ ತೋರ್ಸಲ್ಲ. ಅಕ್ಕಂಗೂ ಹೇಳಲ್ಲ."

ಆ ಕೊನೆಯ ಮಾತಿಗೆ ಅವರು ನಿಜವಾಗಿ ಹೆದರಿದರು. ಮೂವತ್ತು ಸಾವಿರ ಜನ ನಕ್ಕರೆ ಒಂದು ಸಂಜೆ ನಗುತ್ತಾರೆ. ಭಾವಮೈದುನನ ಕೈಗೆ ಜುಟ್ಟು ಕೊಟ್ಟರೆ ಸಾಯುವ ತನಕ ಬಿಡಿಸಿಕೊಳ್ಳಲಾಗದು. ಅವರು ನೇರ ಮೈದಾನದ ನಡುವೆ ಹೋಗಿ, ಮೈಕ್ ಒತ್ತಿ, ಪೆನಾಲ್ಟಿಯೂ ಇಲ್ಲ, ಕೆಂಪು ಕಾರ್ಡೂ ಇಲ್ಲ, ಅಡ್ಡಗಾಲು ಹಾಕಿದವನು ನಾನೇ ಎಂದುಬಿಟ್ಟರು.

ಜನ ಬಿದ್ದುಬಿದ್ದು ನಕ್ಕರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ನೋಡನೋಡುತ್ತ ಎಲ್ಲರೂ ಎದ್ದು ನಿಂತು ತಟ್ಟಿದರು. ಇಷ್ಟು ವರ್ಷ ಬರೀ ಬೈಗುಳ ಕೇಳಿದ ಕಿವಿಗೆ ಅದು ಹಿತವಾಗಿತ್ತು. ತಪ್ಪೊಪ್ಪಿಕೊಳ್ಳುವುದರಲ್ಲಿ ಇಷ್ಟು ಸುಖವಿದೆಯೆಂದು ಗೊತ್ತಿದ್ದರೆ ಎಂದೋ ಒಪ್ಪಿಕೊಳ್ಳುತ್ತಿದ್ದೆ ಅನ್ನಿಸಿತು ಅವರಿಗೆ.

ಅಷ್ಟರಲ್ಲಿ ಡಿಫೆಂಡರ್ ಹತ್ತಿರ ಬಂದು, ಕೈಕುಲುಕಿ, ಬಹಳ ವಿನಯದಿಂದ ಕೇಳಿದ.

"ಸಾರ್, ಈ ಕ್ಯಾಮೆರಾ ಎಲ್ಲ ಬರೋಕೆ ಮುಂಚೆ ನಮ್ಮಣ್ಣಂಗೂ ನೀವೇ ಎರಡು ಸಲ ಕೆಂಪು ಕಾರ್ಡ್ ಕೊಟ್ಟಿದ್ರಿ. ನಾನು ಮುಟ್ಟಿಲ್ಲ ಅಂತ ಅವನು ಇವತ್ತಿಗೂ ಹೇಳ್ತಾನೆ, ಮನೇಲಿ ಯಾರೂ ನಂಬಲ್ಲ. ಹೋಗಿ ಅವನಿಗೆ ಏನು ಹೇಳ್ಲಿ?"