ಏಳನೇ ಸ್ಥಾನ

“ಪುಟ್ಟಿ, ಸೈಕಲ್ ನಿಲ್ಸು.”

ಕಿವಿಗೆ ಸಿಕ್ಕಿಸಿಕೊಂಡಿದ್ದ ರೇಡಿಯೋದಲ್ಲಿ ಕೋಚ್ ದನಿ ಕೇಳಿದಾಗ ಪುಟ್ಟಿ ತಾನು ಕೇಳಿಸಿಕೊಂಡದ್ದನ್ನೇ ನಂಬಲಿಲ್ಲ. ಬೆಟ್ಟದ ಆ ಏರಿನಲ್ಲಿ ಅವಳ ಮುಂದೆ ದಾರಿ ಬಿಡಿಸುವ ಮೋಟಾರ್ ಬೈಕ್ ಒಂದಿತ್ತು, ಅಷ್ಟೇ. ಉಳಿದ ಸೈಕಲ್ಲುಗಳೆಲ್ಲ ಹಿಂದೆ. ಎರಡನೆಯವಳು ಕೆಳಗಿನ ತಿರುವಿನಲ್ಲೆಲ್ಲೋ ಏದುಸಿರು ಬಿಡುತ್ತಿದ್ದಳು. ಇನ್ನು ನಾಲ್ಕು ತಿರುವು ಹತ್ತಿದರೆ ಗೆಲುವಿನ ಗೆರೆ. ತಂಡಕ್ಕೆ ಸೇರಿದಾಗಿನಿಂದ ಪುಟ್ಟಿ ಮಾಡಿದ್ದೆಂದರೆ ಉಳಿದವರಿಗೆ ನೀರಿನ ಬಾಟಲಿ ಹೊತ್ತು ತಂದದ್ದು, ಅಕ್ಕನಿಗೆ ಎದುರುಗಾಳಿ ತಾಗದ ಹಾಗೆ ಮುಂದೆ ಮುಂದೆ ತುಳಿದದ್ದು. ಗೆಲುವು ಹೇಗಿರುತ್ತದೆಂದು ಅವಳು ಬಲ್ಲವಳೇ ಅಲ್ಲ.

“ಸರ್, ನಾನು ಗೆಲ್ತಾ ಇದೀನಿ!”

“ಗೊತ್ತಮ್ಮ. ಅಕ್ಕ ಹಿಂದೆ ಬಿದ್ದಿದ್ದಾಳೆ. ನೀನು ನಿಂತು ಅವಳನ್ನ ಎಳ್ಕೊಂಡು ಬರ್ಬೇಕು. ಇಲ್ದಿದ್ರೆ ಅವಳ ಏಳನೇ ಸ್ಥಾನ ಕೈ ಬಿಟ್ಟು ಹೋಗುತ್ತೆ.”

ಎಂಟು ದಿನದ ರೇಸು ಅದು. ದಿನಕ್ಕೊಬ್ಬಳು ಗೆಲ್ಲುತ್ತಾಳೆ, ಎಂಟೂ ದಿನ ತೆಗೆದುಕೊಂಡ ಹೊತ್ತನ್ನು ಕೂಡಿಸಿ, ಒಟ್ಟಿನಲ್ಲಿ ಯಾರು ಎಷ್ಟನೆಯವರು ಎಂದು ಕೊನೆಗೆ ಹೇಳುತ್ತಾರೆ. ಆ ಒಟ್ಟು ಲೆಕ್ಕದಲ್ಲಿ ಅಕ್ಕ ಏಳನೆಯವಳು.

“ಏಳನೆಯವಳಿಗೆ ಯಾರು ಸರ್ ಹೂವು ಕೊಡ್ತಾರೆ? ಇದು ಮೊದಲನೇ ಸ್ಥಾನ!”

“ಇದು ಒಂದು ದಿನದ ಮೊದಲು. ಸಂಜೆಗೆ ಹೂವೂ ಬಾಡುತ್ತೆ, ಹೆಸರೂ ಬಾಡುತ್ತೆ. ಅದು ಎಂಟು ದಿನದ ಏಳು. ಮೊದಲ ಹತ್ತರಲ್ಲಿ ನಮ್ಮೋಳು ಒಬ್ಬಳಿದ್ರೆ ತಾನೇ ಮುಂದಿನ ವರ್ಷ ದೊಡ್ಡ ರೇಸಿಗೆ ನಮ್ಮನ್ನ ಕರೆಯೋದು?”

ಪುಟ್ಟಿಯ ಕಾಲು ಇನ್ನೂ ತುಳಿಯುತ್ತಲೇ ಇತ್ತು. “ಅಕ್ಕಾ, ನೀನೇ ಹೇಳೇ!” ಎಂದು ಎದೆಗೆ ಸಿಕ್ಕಿಸಿದ್ದ ಮೈಕಿಗೆ ಕೂಗಿದಳು. ಅಕ್ಕನ ಕಡೆಯಿಂದ ಹೂಂ ಇಲ್ಲ, ಉಹೂಂ ಇಲ್ಲ.

“ಅಕ್ಕನೇ ಹೇಳಿದ್ದಮ್ಮ. ಪುಟ್ಟಿ ನಿಂತ್ಕೊಳ್ಳಲಿ ಅಂದ್ಳು” ಎಂದರು ಕೋಚ್.

ಸೀಟು ಹಿಡಿದು ಹಿಂದೆ ಹಿಂದೆ ಓಡಿ ಸೈಕಲ್ ಕಲಿಸಿದ ಅಕ್ಕ. ಅವಳೇ ಅಂದಮೇಲೆ ಇನ್ನೇನು ಉಳಿಯಿತು? ಪುಟ್ಟಿ ರಸ್ತೆಯಂಚಿಗೆ ಬಂದು ಒಂದು ಕಾಲು ನೆಲಕ್ಕೆ ಊರಿದಳು. ನೋಡಲು ನಿಂತಿದ್ದ ಜನ ಪಂಕ್ಚರ್ ಅಂದುಕೊಂಡು ಅಯ್ಯಯ್ಯೋ ಎಂದರು. ಒಬ್ಬ ನೂಕಲು ಓಡಿಬಂದ. ಅವಳು ಬೇಡವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಎರಡನೆಯವಳು ತಿರುವಿನಲ್ಲಿ ಕಾಣಿಸಿದಳು. ಪುಟ್ಟಿಯನ್ನು ನೋಡಿ ಕಣ್ಣು ಕಣ್ಣು ಬಿಟ್ಟಳು, ಒಂದು ಗಳಿಗೆ ತುಳಿಯುವುದನ್ನೇ ಮರೆತಳು. ಮರುಗಳಿಗೆ ಸೀಟಿನಿಂದ ಎದ್ದು ನಿಂತು ತುಳಿದು ಮಾಯವಾದಳು.

ಮತ್ತೆ ಮೂವರು ಹೋದರು. ಆಮೇಲೆ ಒಂದು ಗುಂಪು. ಅಕ್ಕ ಅದರಲ್ಲಿರಲಿಲ್ಲ. ಇನ್ನೊಂದು ಗುಂಪು. ಅದರಲ್ಲೂ ಇಲ್ಲ. “ಸರ್, ಅಕ್ಕ ಎಲ್ಲಿ?” ಎಂದರೆ ರೇಡಿಯೋದಲ್ಲಿ ಬರೀ ಗೊರಗೊರ. ಬೆನ್ನ ಮೇಲಿನ ಬೆವರು ತಣ್ಣಗಾಗಿ ಮೈ ನಡುಗತೊಡಗಿತು. ಮೇಲೆ ಬೆಟ್ಟದ ತುದಿಯಲ್ಲಿ ಮೈಕಿನವನು ಬೇರೆ ಯಾರದೋ ಹೆಸರನ್ನು ಗಂಟಲು ಹರಿದುಕೊಂಡು ಕೂಗುತ್ತಿದ್ದ.

ಕೊನೆಗೆ ಬಂದದ್ದು ತಂಡದ ಕಾರು. ಕಾರಿನ ಮೇಲೆ ಅಕ್ಕನ ಸೈಕಲ್. ಒಳಗೆ, ಹಿಂದಿನ ಸೀಟಿನಲ್ಲಿ, ಕಂಬಳಿ ಹೊದ್ದ ಅಕ್ಕ.

“ಏನೇ ಇದು? ಇಲ್ಯಾಕೆ ನಿಂತಿದೀಯ? ಬಿದ್ಯಾ?” ಕಾರು ನಿಲ್ಲುವ ಮೊದಲೇ ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ನಿನ್ನನ್ನ ಕಾಯ್ತಾ ಇದೀನಿ.”

“ನನ್ನನ್ನಾ? ಯಾರೇ ಹೇಳಿದ್ದು ಕಾಯೋಕೆ?”

ಪುಟ್ಟಿ ಕೋಚ್ ಮುಖ ನೋಡಿದಳು. ಅವರು ಸ್ಟೇರಿಂಗ್ ಬಿಟ್ಟು ಹಣೆ ಚಚ್ಚಿಕೊಂಡರು. “ಅಯ್ಯೋ! ಇವಳು ಕೆಳಗಡೇನೇ ಕುಸಿದು ಬಿದ್ಲು ಪುಟ್ಟಿ. ಇವಳನ್ನ ಎತ್ತಿ ಕಾರಲ್ಲಿ ಕೂರ್ಸೋ ಗಡಿಬಿಡೀಲಿ ನಿಂಗೆ ಹೇಳೋದೇ ಮರ್ತುಹೋಯ್ತು.”

“ಆದ್ರೆ ಅಕ್ಕನೇ ಹೇಳಿದ್ಳು ಅಂದ್ರಲ್ಲ ಸರ್...”

“ನಾನಾ?” ಎಂದಳು ಅಕ್ಕ. “ವಾಂತಿ ಶುರುವಾದಾಗಲೇ ನಾನು ರೇಡಿಯೋ ಕಿತ್ತು ಬಿಸಾಕಿದೀನಿ. ಯಾರ ಹತ್ರಾನೂ ಒಂದು ಮಾತಾಡಿಲ್ಲ. ನೀನು ಇಷ್ಟು ಹೊತ್ತಿಗೆ ಗೆದ್ದೇ ಇರ್ತೀಯ ಅಂತ ತಾನೇ ನಾನು ನೆಮ್ಮದಿಯಾಗಿ ಕಾರು ಹತ್ತಿದ್ದು!”

ನೆಲಕ್ಕೆ ಊರಿದ್ದ ತನ್ನ ಕಾಲನ್ನು ಪುಟ್ಟಿ ಯಾರದೋ ಕಾಲೆಂಬಂತೆ ನೋಡುತ್ತ ನಿಂತಳು.

ಕೋಚ್ ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ಆಗಿದ್ದು ಆಗಿಹೋಯ್ತು. ಬೇಗ ಸೈಕಲ್ ಹತ್ತು, ನಾನು ಹಿಂದೇನೇ ಬರ್ತೀನಿ. ಈಗ ಒಟ್ಟು ಲೆಕ್ಕದಲ್ಲಿ ನಮ್ಮಲ್ಲಿ ಮುಂದಿರೋಳು ನೀನೇ. ಜೋರಾಗಿ ತುಳಿದ್ರೆ ಇಪ್ಪತ್ತಮೂರನೇ ಸ್ಥಾನನಾದ್ರೂ ಉಳಿಸ್ಕೋಬಹುದು!”

ಅಕ್ಕ ಬಾಗಿಲು ತೆಗೆದಳು. ಬರಿಗಾಲಲ್ಲಿ, ಕಂಬಳಿ ಎಳೆದುಕೊಂಡು, ಕಾರಿಗೆ ಕೈ ಊರಿ ಊರಿ ಮುಂದಕ್ಕೆ ಬಂದಳು. ಬಂದವಳು ಬಂಪರಿಗೆ ಬೆನ್ನು ಕೊಟ್ಟು ಟಾರು ರಸ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

“ನೀನು ಹೋಗು” ಎಂದಳು ತಂಗಿಗೆ.

ಪುಟ್ಟಿ ಸೈಕಲ್ ಹತ್ತಿದಳು. ತಿರುವು ದಾಟಿದ ಮೇಲೂ ಹಿಂದೆ ಹಾರ್ನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕಾರು ಮಾತ್ರ ಬರಲಿಲ್ಲ.