ಲೀಡ್ಸ್‌ನಲ್ಲಿ ಇಲ್ಲದ ಕ್ಲೈವ್

ಆಚೆ ಕಡೆ ಫೋನು ರಿಂಗಾದ ಬಗೆಯೇ ಸರಿಯಿರಲಿಲ್ಲ.

ಡೋರೀನ್ ರಿಸೀವರನ್ನು ಕಿವಿಯಿಂದ ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಹಲ್ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದ ಕಿವಿ ಅದು. ಇಂಗ್ಲೆಂಡಿನ ಫೋನು ಜೋಡಿಯಾಗಿ ಬಡಿದುಕೊಳ್ಳುತ್ತದೆ, ಟ್ರಿಂಗ್ ಟ್ರಿಂಗ್, ಆಮೇಲೆ ಒಂದು ತಡೆ. ಇದು ಹಾಗಿರಲಿಲ್ಲ. ಒಂದೇ ಒಂದು ಉದ್ದನೆಯ ಕೂಗು, ಮೌನ, ಮತ್ತೆ ಅದೇ ಕೂಗು. ಕಡಲಾಚೆಯ ಸದ್ದು.

ಗಂಡ ಕ್ಲೈವ್ ಭಾನುವಾರ ಲೀಡ್ಸ್‌ಗೆ ಹೋಗಿದ್ದ. ನಿವೃತ್ತ ಬಸ್ ಡ್ರೈವರುಗಳ ಕೂಟ, ಗುರುವಾರ ವಾಪಸು ಅಂದಿದ್ದ. ಇವತ್ತು ಮಂಗಳವಾರ. ಮೂರು ಸಲ ಫೋನು ಮಾಡಿದರೂ ಎತ್ತಲಿಲ್ಲ. ಒಂದು ಸಂದೇಶ ಮಾತ್ರ ಬಂತು: "ಇಲ್ಲಿ ಮಳೆ. ಆಮೇಲೆ ಮಾಡ್ತೀನಿ."

"ಗಂಡಸರಿಗೆ ಅರವತ್ತೈದಾದ್ಮೇಲೆ ಇನ್ನೊಂದ್ಸಲ ಹಾಲುಹಲ್ಲು ಹುಟ್ಟುತ್ತೆ ಕಣೇ," ಎಂದಳು ಚಹಾಕ್ಕೆಂದು ಬಂದಿದ್ದ ಪಕ್ಕದ ಮನೆಯ ಗ್ಲೆಂಡಾ. "ನಮ್ಮವನು ಡ್ಯಾನ್ಸ್ ಕ್ಲಾಸಿಗೆ ಸೇರಿದಾಗ್ಲೇ ನಾನು ಅವನ ಷೂ ಬಚ್ಚಿಟ್ಟೆ. ನೀನೋ, ಪೆಟ್ಟಿಗೆ ತುಂಬಿ ಕಳಿಸಿದೀಯ."

ಡೋರೀನ್ ನಗಲಿಲ್ಲ. ಅಡುಗೆಮನೆಯ ಡ್ರಾಯರಿನಿಂದ ಹಳೆಯ ಟ್ಯಾಬ್ಲೆಟ್ ತೆಗೆದಳು. ಕ್ಲೈವನ ಫೋನಿಗೆ ಬರುವ ಸಂದೇಶಗಳೆಲ್ಲ ಅದಕ್ಕೂ ಬರುತ್ತಿದ್ದವು. ಅದು ಅವನಿಗೆ ಮರೆತೇಹೋಗಿತ್ತು.

ಭಾನುವಾರ ಮಧ್ಯಾಹ್ನ, ಫೋನ್ ಕಂಪನಿಯಿಂದ: ಸ್ವಿಟ್ಜರ್‌ಲೆಂಡಿಗೆ ಸ್ವಾಗತ.

ಅದಕ್ಕೂ ಮುಂಚಿನದು ವಿಮಾನದವರದು. ಮ್ಯಾಂಚೆಸ್ಟರಿನಿಂದ ಬಾಸೆಲ್‌ಗೆ ಇಬ್ಬರು. ಗುರುವಾರ ಬಾಸೆಲ್‌ನಿಂದ ಮ್ಯಾಂಚೆಸ್ಟರಿಗೆ ಒಬ್ಬರು.

ಕೊನೆಯದು ಹೋಟೆಲಿನದು. ನೀವು ಕೇಳಿದಂತೆ ನಿಮ್ಮಿಬ್ಬರಿಗೂ ನೆಲಮಹಡಿಯಲ್ಲೇ ತೋಟದ ಕಡೆಯ ಕೋಣೆ ಕೊಟ್ಟಿದ್ದೇವೆ.

"ವಾಪಸು ಒಬ್ಬನೇ," ಎಂದು ಗ್ಲೆಂಡಾ ಕನ್ನಡಕ ಸರಿಮಾಡಿಕೊಂಡಳು. "ಅಂದ್ರೆ ಅವಳು ಅಲ್ಲೇ ಉಳ್ಕೋತಾಳೆ. ಇವನು ಬಂದು ಬಟ್ಟೆಬರೆ ಕಟ್ಕೊಂಡು ಹೊರಡೋನು."

ಡೋರೀನ್ ಕುರ್ಚಿಯಲ್ಲಿ ಕುಸಿದಳು. ನಲವತ್ತು ವರ್ಷದ ಸಂಸಾರ. ಈ ಬೇಸಗೆಯಲ್ಲಿ ಅವನು ವಾರಕ್ಕೆ ಮೂರು ದಿನ ಮನೆಯಲ್ಲಿರುತ್ತಿರಲಿಲ್ಲ. ಕೇಳಿದರೆ, ಯಾರ್ಕ್‌ನಲ್ಲಿ ಮಗಳನ್ನು ನೋಡಿಬರುತ್ತೇನೆ ಎನ್ನುತ್ತಿದ್ದ. ಬಂದ ಮೇಲೆ ಊಟ ಬಿಟ್ಟು ಹಿತ್ತಲಿಗೆ ಹೋಗಿ ಕೂರುತ್ತಿದ್ದ. ಇನ್ನೊಬ್ಬಳ ನೆನಪಿಗೆ ಸಿಕ್ಕವನ ಲಕ್ಷಣವೇ ಅದು. ತಾನೇ ಗಮನಿಸಿರಲಿಲ್ಲ.

ಮಗಳನ್ನು ಕೇಳೋಣವೆಂದರೆ ಬೆಥನ್ ಜೊತೆ ಮಾತೇ ನಿಂತಿತ್ತು. ಈಸ್ಟರ್ ಊಟದ ನಡುವೆ ಬೆಥನ್ ಒಂದು ವಿಷಯ ಎತ್ತಿದ್ದಳು. "ಈ ಮನೇಲಿ ಆ ಮಾತು ಬೇಡ. ನಾನು ಬದುಕಿರೋವರೆಗೂ ಅದು ಆಗಲ್ಲ," ಎಂದು ಡೋರೀನ್ ತಟ್ಟೆ ತಳ್ಳಿ ಎದ್ದಿದ್ದಳು. ಅಂದು ಹೊರಟ ಮಗಳು ಮತ್ತೆ ಬರಲಿಲ್ಲ, ಫೋನು ಎತ್ತಲಿಲ್ಲ. ಡೋರೀನ್ ಪ್ರತಿ ಭಾನುವಾರ ಚರ್ಚಿನಲ್ಲಿ ಅವಳ ಹೆಸರಿಗೆ ಮೇಣದಬತ್ತಿ ಹಚ್ಚಿ ಬರುತ್ತಿದ್ದಳು, ಅಷ್ಟೆ.

ನಾಲ್ಕನೇ ಸಲ ಫೋನು ಮಾಡಿದಳು. ಉದ್ದನೆಯ ಕೂಗು ಆರು ಬಾರಿ ಕೇಳಿತು. ಎತ್ತಿದ.

"ಲೀಡ್ಸ್ ಹೇಗಿದೆ?"

"ಡೋರೀನ್..."

"ಮಳೆ ನಿಂತಿತಾ?"

"ನಾನು ಲೀಡ್ಸ್‌ನಲ್ಲಿ ಇಲ್ಲ."

"ಬಾಸೆಲ್‌ನಲ್ಲಿದೀಯ. ಗೊತ್ತು. ಯಾರ್ ಜೊತೆ?"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಅವಳಿಗೆ ಕೊಟ್ಟ ಮಾತು ದೊಡ್ಡದು. ನಲವತ್ತು ವರ್ಷದ ಹಿಂದೆ ಪಾದ್ರಿ ಮುಂದೆ ನನಗೆ ಕೊಟ್ಟಿದ್ದು ಏನೂ ಅಲ್ಲ. ಅಷ್ಟು ಪ್ರೀತೀನಾ ಅವಳ ಮೇಲೆ?"

"ಹೂಂ. ನನ್ನ ಜೀವಕ್ಕಿಂತ ಹೆಚ್ಚು."

ಅವನ ಹಿಂದಿನಿಂದ ಹೆಣ್ಣಿನ ಸದ್ದೊಂದು ಕೇಳಿತು. ನಗುವೋ ಮಾತೋ ತಿಳಿಯಲಿಲ್ಲ. ದಪ್ಪಗೆ, ನಾಲಿಗೆ ಹೊರಳದಂತೆ, ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋದಂತೆ.

"ಮಧ್ಯಾಹ್ನ ಮೂರು ಗಂಟೆಗೇ ಕುಡಿದು ಬಿದ್ದಿದಾಳಲ್ಲೋ! ಇಂಥವಳು ಬೇಕಾಯ್ತಾ ನಿಂಗೆ?"

"ಅವಳು ಕುಡಿದಿಲ್ಲ ಡೋರೀನ್."

"ಇನ್ನೆಷ್ಟು ದಿನ ಬೇಕಂತೆ ಅವಳಿಗೆ ನೀನು?"

"ನಾಳೆವರೆಗೆ."

ಅಷ್ಟು ಶಾಂತವಾಗಿ ಅವನು ಹೇಳಿದ್ದೇ ಡೋರೀನಳ ತಾಳ್ಮೆಯನ್ನು ಕಡಿದುಹಾಕಿತು. ಜನ್ಮದಲ್ಲಿ ಯಾರಿಗೂ ಕೆಟ್ಟದ್ದು ಬಯಸದ ಹೆಂಗಸು ಎದ್ದು ನಿಂತಳು.

"ಹಾಗಿದ್ರೆ ಅವಳಿಗೆ ಹೇಳು. ನನ್ನ ಮನೆ ಮುರಿದವಳು ನಾಳೆ ಬೆಳಕು ಕಂಡ್ರೂ ಸಂಜೆ ಕಾಣದೇ ಹೋಗ್ಲಿ. ದೇವರ ಮುಂದೆ ಮಂಡಿಯೂರಿ ಇದನ್ನೇ ಕೇಳ್ಕೋತೀನಿ. ಹೇಳು ಅವಳಿಗೆ!"

ಗ್ಲೆಂಡಾಳ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಫೋನಿನ ಆಚೆ ಕಡೆ ದೂರದಲ್ಲೆಲ್ಲೋ ಟ್ರಾಮು ಗಂಟೆ ಬಾರಿಸುತ್ತ ಹೋಯಿತು.

"ಸ್ಪೀಕರ್ ಹಾಕಿದೀನಿ ಡೋರೀನ್," ಎಂದ ಕ್ಲೈವ್. ಅವನು ಅಳುತ್ತಿದ್ದ. "ಅವಳಿಗೆ ಕೇಳಿಸ್ತು."

ಆ ದಪ್ಪ ಧ್ವನಿ ಹತ್ತಿರ ಬಂತು. ಒಂದೊಂದೇ ಪದವನ್ನು ಬಂಡೆಯಂತೆ ಎತ್ತಿ ಎತ್ತಿ ಇಟ್ಟಿತು.

"ಅಮ್ಮಾ... ನಾನು, ಬೆಥನ್. ಈ ಕಾಯಿಲೆ... ನಾಲಿಗೆವರೆಗೂ ಬಂದ್ಬಿಡ್ತು. ನಾಳೆ ಹತ್ತಕ್ಕೆ... ಇಲ್ಲಿನ ಡಾಕ್ಟರು ಕೊಡೋ ಔಷಧಿ ಕುಡಿದು... ಮಲಗಿಬಿಡ್ತೀನಿ, ಮತ್ತೆ ಏಳಲ್ಲ. ಈಸ್ಟರಲ್ಲಿ ನೀನು ಬೇಡ ಅಂದಿದ್ದು... ಇಲ್ಲಿ ತಪ್ಪಲ್ಲ. ಕೊನೇಸಲ ನಿನ್ನ ಧ್ವನಿ ಕೇಳ್ಬೇಕು ಅನ್ನಿಸ್ತು. ಅದಕ್ಕೇ ನಾನೇ... ಫೋನ್ ಎತ್ತಪ್ಪಾ ಅಂದೆ."